ಹದಿನೇಳು ಗಂಟೆಯ ದೂರ

ಮಲೆನಾಡಿನಲ್ಲಿ ದೂರವನ್ನು ಕೇಳಿದರೆ ಉತ್ತರ ಹೊತ್ತಿನ ರೂಪದಲ್ಲಿ ಬರುವುದು ಇಂದು ನಿನ್ನೆಯ ರೂಢಿಯಲ್ಲ. ಆಚೆ ಕೇರಿ ಕೂಗಳತೆಯಲ್ಲಿದೆ, ಪೇಟೆ ಎರಡು ಹರದಾರಿ, ಘಟ್ಟದ ಕೆಳಗಿನ ನೆಂಟರ ಮನೆ ಒಂದು ಹಗಲಿನ ದಾರಿ. ನಕ್ಷೆಯ ಅಳತೆಗಿಂತ ಭಿನ್ನವಾದ ಈ ಅಳತೆಯಲ್ಲಿ ಒಂದು ಪ್ರಾಮಾಣಿಕತೆಯಿತ್ತು. ಏರು ಇದ್ದರೆ ಹೊತ್ತು ಹೆಚ್ಚುತ್ತಿತ್ತು. ತಲೆಯ ಮೇಲೆ ಹೊರೆಯಿದ್ದರೆ ಇನ್ನಷ್ಟು ಹೆಚ್ಚುತ್ತಿತ್ತು. ಆ ಹೊತ್ತಿನ ಬೆಲೆಯನ್ನು ನಡೆಯುವವನ ಕಾಲುಗಳೇ ತೆರುತ್ತಿದ್ದವು.

ಈಗ ಅದೇ ಮನೆಗಳಲ್ಲಿ ಅದೇ ಧಾಟಿಯ ಇನ್ನೊಂದು ಉತ್ತರ ಕೇಳಿಬರುತ್ತದೆ. ಮಗ ಇರುವುದೆಲ್ಲಿ? ಕ್ಯಾಲಿಫೋರ್ನಿಯದಲ್ಲಿ. ಎಷ್ಟು ದೂರ? ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಹದಿನೇಳು ಗಂಟೆ. ಮಾತು ಅಲ್ಲಿಗೆ ಮುಗಿಯುತ್ತದೆ. ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್, ರಾತ್ರಿ ಬಸ್ಸಿಗೆ ಎಂಟೊಂಬತ್ತು ಗಂಟೆ. ಅದರ ಇಮ್ಮಡಿ ಕಾಲದಲ್ಲಿ ಭೂಮಿಯ ಇನ್ನೊಂದು ಮಗ್ಗುಲು! ಹಾಗಾದರೆ ಅಮೆರಿಕವೆಂಬುದು ಎರಡು ಶಿರಸಿಗಳಷ್ಟೇ ದೂರ ಎಂಬ ಭಾವನೆ ಯಾರಲ್ಲಾದರೂ ಮೂಡಿದರೆ ಅದು ಅವರ ತಪ್ಪಲ್ಲ. ಗಂಟೆ ಎಂಬ ಅಳತೆಗೋಲು ಹಾಗೆ ಹೇಳಿಸುತ್ತದೆ. ಈ ಹದಿನೇಳು ಗಂಟೆಗಳ ಒಳಗೆ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ನೋಡುವುದು ಮಲೆನಾಡಿನ ವಿದ್ಯಾರ್ಥಿಗಳಿಗೂ ಅವರ ತಂದೆ ತಾಯಿಗಳಿಗೂ ಪ್ರಯೋಜನಕಾರಿ.

ಮೊದಲು ದಾರಿಯ ಮಾತು. ಶಾಲೆಯ ಗೋಡೆಗೆ ತೂಗುಹಾಕಿದ ಚಪ್ಪಟೆ ನಕ್ಷೆಯಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಪಟ್ಟಿಯಿಟ್ಟು ಗೆರೆ ಎಳೆದರೆ ಅದು ಅರೇಬಿಯ, ಆಫ್ರಿಕ, ಅಟ್ಲಾಂಟಿಕ್ ಎಂದು ಪಶ್ಚಿಮಕ್ಕೆ ಸಾಗುತ್ತದೆ. ಇದೇ ಕೆಲಸವನ್ನು ಭೂಗೋಲದ ಮೇಲೆ ಒಂದು ದಾರ ಬಿಗಿದು ಮಾಡಿದರೆ ಸಿಗುವ ಹಾದಿಯೇ ಬೇರೆ. ದಾರವು ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ ಹೊರಡುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ದಾಟಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕದ ಮೇಲೆ ಇಳಿದು ಪೆಸಿಫಿಕ್ ಕರಾವಳಿಯಗುಂಟ ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ. ಈ ದಾರದ ಉದ್ದವೇ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆದ್ದರಿಂದ, ಯಾವುದೇ ಎರಡು ಊರುಗಳು ಪರಸ್ಪರ 20,000 ಕಿಲೋಮೀಟರಿಗಿಂತ ದೂರವಿರಲು ಸಾಧ್ಯವೇ ಇಲ್ಲ. ಇರಬಹುದಾದ ದೂರದ ಹತ್ತರಲ್ಲಿ ಏಳು ಪಾಲು ಇಲ್ಲಿಯೇ ಆಯಿತು.

ಆದರೆ ವಿಮಾನ ದಾರದ ಮೇಲೆ ಹಾರುವುದಿಲ್ಲ. ಈ ಎರಡು ನಗರಗಳ ನಡುವಿನ ಮೊದಲ ನೇರ ಯಾನ 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳಷ್ಟೇ ಇದ್ದ ಆ ಏರ್ ಇಂಡಿಯ ವಿಮಾನ ಉತ್ತರ ಧ್ರುವದ ಮೇಲೆ ಹಾದುಬಂದುದು ಆಗ ದೊಡ್ಡ ಸುದ್ದಿಯಾಗಿತ್ತು. ಅದು ಕ್ರಮಿಸಿದ ಹಾದಿ ಸುಮಾರು 16,000 ಕಿಲೋಮೀಟರ್ ಎಂದು ವರದಿಗಳು ಹೇಳಿದವು. ಅಂದರೆ ದಾರಕ್ಕಿಂತ ಎರಡು ಸಾವಿರ ಹೆಚ್ಚು. ಪ್ರಯಾಣಿಕರು ಹಾರಿದ್ದು ಹದಿನೇಳು ಗಂಟೆ. ಕ್ಯಾಲೆಂಡರು ಮಾತ್ರ ಒಂದು ಭಾನುವಾರವನ್ನೇ ನುಂಗಿಹಾಕಿತು. ಎರಡು ನಗರಗಳ ಗಡಿಯಾರಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಆ ಕಡೆಯಿಂದ ಬರುವಾಗ ಕಳೆದುಹೋದ ದಿನ ಈ ಕಡೆಯಿಂದ ಹೋಗುವಾಗ ಮರಳಿ ಸಿಗುತ್ತದೆ. ಬೆಂಗಳೂರಿನಿಂದ ಮಧ್ಯಾಹ್ನ ಹೊರಟವರು ಅದೇ ದಿನ ಸಂಜೆ ಅಲ್ಲಿ ಇಳಿದದ್ದುಂಟು. ಈ ಚಮತ್ಕಾರವೂ ದೂರವನ್ನು ಚಿಕ್ಕದಾಗಿ ಕಾಣಿಸುವುದಕ್ಕೆ ತನ್ನ ಪಾಲನ್ನು ಸಲ್ಲಿಸಿದೆ.

ದಾರದ ಹಾದಿಯನ್ನು ಬಿಟ್ಟು ಸುತ್ತುವುದೇಕೆ? ಮೊದಲನೆಯ ಕಾರಣ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಕುಸಿದರೆ ಪ್ರಯಾಣಿಕರು ಸಹಜವಾಗಿ ಉಸಿರಾಡಬಲ್ಲ ಎತ್ತರಕ್ಕೆ, ಸುಮಾರು ಮೂರು ಸಾವಿರ ಮೀಟರಿಗೆ, ಬೇಗನೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವಿಲ್ಲದ ಕಡೆ ಹಾರುವ ಸಾಹಸವನ್ನು ವಾಣಿಜ್ಯ ವಿಮಾನಗಳು ಸಾಧ್ಯವಾದಷ್ಟೂ ಮಾಡುವುದಿಲ್ಲ. ಭೂಮಿಯ ಮೇಲಿನ ನಡಿಗೆಗೆ ಘಟ್ಟ ಅಡ್ಡವಾಗುವಂತೆ ಹತ್ತು ಕಿಲೋಮೀಟರ್ ಎತ್ತರದ ಹಾರಾಟಕ್ಕೂ ಪರ್ವತ ಅಡ್ಡವಾಗುತ್ತದೆ ಎಂಬುದು ಬೆಟ್ಟದ ಜನರಿಗೆ ಸ್ವಾರಸ್ಯವೆನಿಸಬೇಕು.

ಎರಡನೆಯದು ಗಾಳಿ. ಇದಕ್ಕೆ ದೆಹಲಿಯ ಉದಾಹರಣೆ ಹೆಚ್ಚು ಸ್ಪಷ್ಟ. ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಅಟ್ಲಾಂಟಿಕ್ ಮೇಲೆ ಹಾರುತ್ತಿದ್ದ ಏರ್ ಇಂಡಿಯ ವಿಮಾನ 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಹಾದಿ ಹಿಡಿಯಿತು. ಹೊಸ ಹಾದಿ 15,300 ಕಿಲೋಮೀಟರ್; ಹಳೆಯದಕ್ಕಿಂತ ಸುಮಾರು 1,400 ಕಿಲೋಮೀಟರ್ ಉದ್ದ. ಆದರೂ ಪ್ರಯಾಣ ಹದಿನಾಲ್ಕೂವರೆ ಗಂಟೆಗೆ ಇಳಿದು, ಹತ್ತಿರ ಹತ್ತಿರ ಎರಡು ಗಂಟೆ ಉಳಿಯಿತು. ಕಾರಣ, ಒಂಬತ್ತು-ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ ನೂರು, ಇನ್ನೂರು ಕಿಲೋಮೀಟರ್ ವೇಗದಲ್ಲಿ ಹರಿಯುವ ಜೆಟ್ ಪ್ರವಾಹ. ಪೂರ್ವಕ್ಕೆ ಹಾರುವ ವಿಮಾನವನ್ನು ಅದು ಬೆನ್ನ ಹಿಂದಿನಿಂದ ನೂಕುತ್ತದೆ. ಪಶ್ಚಿಮಕ್ಕೆ ಹಾರುವುದನ್ನು ಎದೆಗೆ ಕೈಕೊಟ್ಟು ತಡೆಯುತ್ತದೆ. ಧ್ರುವದ ಮೇಲಿನ ಹಾದಿ ಈ ಪ್ರವಾಹವನ್ನು ತಪ್ಪಿಸಿಕೊಂಡು ಹಿಂತಿರುಗುವ ಉಪಾಯ. ಭೂಮಿ ತಿರುಗುವುದರಿಂದ ಒಂದು ದಿಕ್ಕಿನ ಯಾನ ಬೇಗ ಮುಗಿಯುತ್ತದೆಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಭೂಮಿಯೊಡನೆ ವಾಯುಮಂಡಲವೂ ತಿರುಗುತ್ತದೆ, ಅದರೊಳಗಿನ ವಿಮಾನವೂ ತಿರುಗುತ್ತದೆ. ಚಲಿಸುವ ಬಸ್ಸಿನೊಳಗೆ ಹಾರುವ ನೊಣಕ್ಕೆ ಬಸ್ಸಿನ ವೇಗದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಭೂಮಿಯ ಭ್ರಮಣೆ ಜೆಟ್ ಪ್ರವಾಹದ ದಿಕ್ಕನ್ನು ರೂಪಿಸುತ್ತದೆ ಎಂಬಷ್ಟರ ಮಟ್ಟಿಗೆ ಮಾತ್ರ ಆ ನಂಬಿಕೆಯಲ್ಲಿ ಸತ್ಯಾಂಶವಿದೆ.

ಮೂರನೆಯದು ರಾಜಕೀಯ. ಯುಕ್ರೇನ್ ಯುದ್ಧ ಆರಂಭವಾದ 2022ರಲ್ಲಿ ರಷ್ಯವು ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಮುಚ್ಚಿತು. ಪ್ರತಿ ಮುಚ್ಚುಗೆಯೂ ಯಾವುದೋ ಎರಡು ನಗರಗಳನ್ನು ಗಂಟೆಗಟ್ಟಲೆ ದೂರಕ್ಕೆ ತಳ್ಳುತ್ತದೆ. ಗಂಟೆಯ ಅಳತೆ ಮರೆಸುವ ನೆಲ ಒಮ್ಮೊಮ್ಮೆ ತಾನಾಗಿ ಎದುರಿಗೆ ಬಂದು ನಿಲ್ಲುವುದೂ ಉಂಟು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನದ ಎಂಜಿನ್ನಿನಲ್ಲಿ ದೋಷ ಕಂಡು, 216 ಪ್ರಯಾಣಿಕರು ಮತ್ತು 16 ಸಿಬ್ಬಂದಿ ಪೂರ್ವ ರಷ್ಯದ ಮಗದಾನ್ ಎಂಬ ಪಟ್ಟಣದಲ್ಲಿ ಇಳಿಯಬೇಕಾಯಿತು. ಬದಲಿ ವಿಮಾನ ಬರುವ ತನಕ ಒಂದು ದಿನಕ್ಕೂ ಮಿಕ್ಕಿ ಆ ಪುಟ್ಟ ಊರಿನ ವಸತಿಗೃಹ, ಶಾಲೆಗಳಲ್ಲಿ ತಂಗಿದ್ದ ಅವರಿಗೆ ಭಾರತಕ್ಕೂ ಅಮೆರಿಕಕ್ಕೂ ನಡುವೆ ನಿಜವಾದ ಒಂದು ಲೋಕವೇ ಇದೆ ಎಂಬುದು ಅರಿವಾಗಿರಬೇಕು.

ಇಷ್ಟೆಲ್ಲ ದೂರವನ್ನು ನುಂಗುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ಈ ಲೆಕ್ಕದ ನಡುಗಂಬ. ಆ ಮೊದಲ ನೇರ ಯಾನಕ್ಕೆ ಬಳಸಿದ ಬೋಯಿಂಗ್ 777-200ಎಲ್‌ಆರ್ ಮಾದರಿಯ ವಿಮಾನ ಗಂಟೆಗೆ ಸುಮಾರು 7 ಟನ್ ಇಂಧನ ಸುಡುತ್ತದೆ. ಹದಿನೇಳು ಗಂಟೆಗೆ ಸುಮಾರು 120 ಟನ್. ಆ ವಿಮಾನದಲ್ಲಿದ್ದ ಆಸನಗಳು 238. ತುಂಬಿ ಹೋದರೂ, ಒಬ್ಬೊಬ್ಬರಿಗೆ ಮೈಭಾರ ಮತ್ತು ಪೆಟ್ಟಿಗೆ ಸೇರಿ ನೂರು ಕಿಲೋ ಎಂದು ಹಿಡಿದರೂ, ಸಾಗಿಸುವ ಸರಕು 24 ಟನ್. ಇಪ್ಪತ್ತನಾಲ್ಕು ಟನ್ ಮನುಷ್ಯರನ್ನು ಒಯ್ಯಲು ನೂರಿಪ್ಪತ್ತು ಟನ್ ಎಣ್ಣೆ!

ಈ ಅಸಂಗತಿಯ ಮೂಲ ಎತ್ತಿನ ಗಾಡಿಯ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿಯ ಮೇಲೆ ಹುಲ್ಲು ಹೇರಿಕೊಂಡು ದೂರದ ಸಂತೆಗೆ ಹೊರಟರೆ ದಾರಿಯಲ್ಲಿ ಎತ್ತುಗಳಿಗೆ ಆ ಹುಲ್ಲನ್ನೇ ಹಾಕಬೇಕು. ಸಂತೆ ದೂರವಾದಷ್ಟೂ ಹೆಚ್ಚು ಹುಲ್ಲು ಹೇರಬೇಕು. ಹೆಚ್ಚು ಹೇರಿದಷ್ಟೂ ಎತ್ತುಗಳು ಹೆಚ್ಚು ತಿನ್ನುತ್ತವೆ. ವಿಮಾನದ ಪಾಡೂ ಇದೇ. ಏರುವಾಗ ಅದರ ಒಟ್ಟು ಭಾರದಲ್ಲಿ ನೂರಕ್ಕೆ ನಲವತ್ತು ಭಾಗದಷ್ಟು ಬರೀ ಇಂಧನ. ಹೊತ್ತ ಹೆಚ್ಚುವರಿ ಭಾರದ ನೂರಕ್ಕೆ ಸುಮಾರು ಮೂರರಿಂದ ನಾಲ್ಕು ಪಾಲಿನಷ್ಟು ಇಂಧನ ಪ್ರತಿ ಗಂಟೆಯೂ ಆ ಭಾರವನ್ನು ಹೊರುವುದಕ್ಕೇ ಸುಟ್ಟುಹೋಗುತ್ತದೆ ಎಂಬುದು ವಿಮಾನಯಾನದವರ ರೂಢಿಯ ಲೆಕ್ಕ. ಹದಿನೇಳನೆಯ ಗಂಟೆಯಲ್ಲಿ ಸುಡಲು ಬೇಕಾದ ಒಂದು ಟನ್ನನ್ನು ಅಲ್ಲಿಯ ತನಕ ಒಯ್ಯಲು ಅರ್ಧ ಟನ್ನಿನಷ್ಟು ಬೇರೆ ಇಂಧನ ಬಲಿಯಾಗಬೇಕಾಗುತ್ತದೆ. ದೂರ ಎರಡರಷ್ಟಾದರೆ ಎಣ್ಣೆ ಎರಡರಷ್ಟನ್ನು ಮೀರುತ್ತದೆ. ಇದನ್ನು ಗಂಟೆಯ ಅಳತೆ ಹೇಳುವುದೇ ಇಲ್ಲ.

ಹಕ್ಕಿಗಳೂ ಈ ನಿಯಮಕ್ಕೆ ಹೊರತಲ್ಲ. ಪಟ್ಟೆಬಾಲದ ಗಾಡ್‌ವಿಟ್ ಎಂಬ ನೀರಂಚಿನ ಹಕ್ಕಿಯ ಐದು ತಿಂಗಳ ಮರಿಯೊಂದು 2022ರ ಅಕ್ಟೋಬರ್‌ನಲ್ಲಿ ಅಲಾಸ್ಕದಿಂದ ಟಾಸ್ಮೇನಿಯಕ್ಕೆ 13,560 ಕಿಲೋಮೀಟರನ್ನು ಎಲ್ಲಿಯೂ ಇಳಿಯದೆ ಹನ್ನೊಂದು ದಿನಗಳಲ್ಲಿ ಹಾರಿತು. ಬೆನ್ನಿಗೆ ಕಟ್ಟಿದ್ದ ಸಣ್ಣ ಉಪಕರಣದ ಮೂಲಕ ಉಪಗ್ರಹ ಅದನ್ನು ಗುರುತಿಸುತ್ತ ಬಂತು. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ ಅಂತರಕ್ಕೆ ಇದು ಹೆಚ್ಚುಕಡಿಮೆ ಸಮ. ಹೊರಡುವ ಮುನ್ನ ಈ ಹಕ್ಕಿ ಮೈಭಾರದ ಅರ್ಧದಷ್ಟು ಕೊಬ್ಬು ತುಂಬಿಕೊಳ್ಳುತ್ತದೆ. ದಾರಿಯಲ್ಲಿ ಕೆಲಸವಿಲ್ಲದ ಜಠರ, ಕರುಳುಗಳನ್ನು ಕುಗ್ಗಿಸಿ ಹೊರೆ ಇಳಿಸಿಕೊಳ್ಳುತ್ತದೆ. ಬೆನ್ನ ಗಾಳಿಗಾಗಿ ಕಾದು ಹೊರಡುತ್ತದೆ. ಎಂಜಿನಿಯರು ಮಾಡುವ ಲೆಕ್ಕವನ್ನೇ ಅದು ಲಕ್ಷಾಂತರ ವರ್ಷಗಳಿಂದ ಮಾಡುತ್ತ ಬಂದಿದೆ. ವ್ಯತ್ಯಾಸವೆಂದರೆ ಅದು ಸುಡುವ ಕೊಬ್ಬು ಅದೇ ಬೇಸಗೆಯಲ್ಲಿ ಅಲಾಸ್ಕದ ಕೆಸರಿನಲ್ಲಿ ಹೆಕ್ಕಿ ತಿಂದದ್ದು. ವಿಮಾನ ಸುಡುವುದು ಕೋಟ್ಯಂತರ ವರ್ಷಗಳ ಹಿಂದೆ ಭೂಗತವಾದದ್ದು.

ಒಂದು ಟನ್ ವಿಮಾನ ಇಂಧನ ಉರಿದರೆ ಸುಮಾರು 3.16 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗಾಳಿಯ ಆಮ್ಲಜನಕ ಕೂಡಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. ಒಂದು ಯಾನಕ್ಕೆ ಸುಮಾರು 380 ಟನ್. ತುಂಬಿದ ವಿಮಾನದಲ್ಲಿ ತಲೆಗೆ 1.6 ಟನ್. ಹೊಸ ಮಾದರಿಯ ವಿಮಾನಗಳಲ್ಲಿ ಇದು ಐದನೇ ಒಂದು ಪಾಲಿನಷ್ಟು ಕಡಿಮೆಯಾಗಬಹುದು, ಹೆಚ್ಚು ಜಾಗ ಹಿಡಿಯುವ ದುಬಾರಿ ದರ್ಜೆಯವರ ಪಾಲು ಹಲವು ಪಟ್ಟು ಹೆಚ್ಚಾಗಬಹುದು. ಸರಾಸರಿ ಭಾರತೀಯನೊಬ್ಬನ ಇಡೀ ವರ್ಷದ ಪಾಲು ಸುಮಾರು 2 ಟನ್. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, 14.2 ಕಿಲೋ ಅನಿಲದ ಒಂದು ಸಿಲಿಂಡರ್ ಉರಿದರೆ 42 ಕಿಲೋ ಚಿಲ್ಲರೆ; ಒಬ್ಬರ ಒಂದು ಕಡೆಯ ಪ್ರಯಾಣವೆಂದರೆ ಮೂವತ್ತೇಳು ಸಿಲಿಂಡರ್. ವರ್ಷಕ್ಕೆ ಎಂಟು ಸಿಲಿಂಡರ್ ಬಳಸುವ ಮನೆಗೆ ನಾಲ್ಕೂವರೆ ವರ್ಷದ ಅಡುಗೆ. ಹೋಗಿ ಬರಲು ಅದರ ಇಮ್ಮಡಿ. ವಿಮಾನದ ಹಿಂದೆ ಆಕಾಶದಲ್ಲಿ ಎಳೆಯುವ ಬಿಳಿಯ ಹಿಮದ ಗೆರೆಗಳೂ ಶಾಖವನ್ನು ತಡೆಹಿಡಿಯುತ್ತವೆ. ಅವು ಈ ಲೆಕ್ಕದಲ್ಲಿ ಸೇರಿಲ್ಲ.

ಹಾಗಾದರೆ ನಡುವೆ ಇಳಿದು ಹೋಗುವುದು ಒಳಿತೆ? ಗಾಡಿಯ ಉಪಮೆ ಹೌದೆನ್ನುತ್ತದೆ. ದಾರಿಯಲ್ಲೇ ಹುಲ್ಲು ಸಿಕ್ಕರೆ ಹೇರುವುದೇಕೆ? ಭೂಗೋಲ ಮಾತ್ರ ಒಪ್ಪುವುದಿಲ್ಲ. ಫ್ರಾಂಕ್‌ಫರ್ಟ್ ಮೂಲಕ ಹೋದರೆ 7,400 ಮತ್ತು 9,150 ಸೇರಿ 16,550 ಕಿಲೋಮೀಟರ್. ದುಬೈ ಮೂಲಕ 15,700. ಮತ್ತೊಮ್ಮೆ ಏರುವ ಶ್ರಮವೂ ಸೇರಿದಾಗ, ಭಾರ ಇಳಿಸಿದ ಲಾಭದ ಬಹುಪಾಲು ಸುತ್ತಿನಲ್ಲಿ ಕರಗಿಹೋಗುತ್ತದೆ. ನಿಲುಗಡೆ ನೇರ ದಾರಿಯ ಮೇಲೆ ಸರಿಯಾಗಿ ನಡುಮಧ್ಯದಲ್ಲಿ ಬಿದ್ದರೆ ಮಾತ್ರ ಉಳಿತಾಯ. ಈ ದಾರಿಯ ನಡುವೆ ಇರುವುದು ಸೈಬೀರಿಯ. ಆದ್ದರಿಂದ ನೇರ ವಿಮಾನವನ್ನು ವಿಲಾಸವೆಂದು ಜರೆಯುವುದೂ ಸಲ್ಲದು, ಹಸಿರು ಪ್ರಯಾಣವೆಂದು ಮಾರುವುದೂ ಸಲ್ಲದು. ಎಣ್ಣೆಯನ್ನು ನಿಜವಾಗಿ ಉಳಿಸುವುದು ಹಾರದೆ ಉಳಿದ ಪ್ರಯಾಣ ಮಾತ್ರ.

ಯಾವ ಪ್ರಯಾಣ ಎಂಬಲ್ಲಿ ವಿವೇಕ ಬೇಕು. ಮಗಳ ಬಾಣಂತನಕ್ಕೆಂದು ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ಕ್ಯಾಲಿಫೋರ್ನಿಯಕ್ಕೆ ಹೋಗಿ ಆರು ತಿಂಗಳು ಇದ್ದು ಬರುವ ಹಳ್ಳಿಯ ತಾಯಿಯನ್ನು ಈ ಲೆಕ್ಕದ ಕಟಕಟೆಗೆ ಎಳೆದು ತರುವುದು ಅನ್ಯಾಯ. 2018ರಲ್ಲಿ ಜಗತ್ತಿನ ಜನರಲ್ಲಿ ವಿಮಾನವೇರಿದವರು ನೂರಕ್ಕೆ ಸುಮಾರು ಹನ್ನೊಂದು ಮಂದಿ, ದೇಶದ ಗಡಿ ದಾಟಿ ಹಾರಿದವರು ನಾಲ್ಕರೊಳಗೆ. ಪ್ರಯಾಣಿಕ ವಿಮಾನಗಳ ಹೊಗೆಯಲ್ಲಿ ಅರ್ಧದಷ್ಟಕ್ಕೆ ಕಾರಣರಾದವರು ನೂರಕ್ಕೆ ಒಬ್ಬರು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಎರಡು ದಿನದ ಸಭೆಗೆ ಹದಿನಾಲ್ಕು ಸಾವಿರ ಕಿಲೋಮೀಟರ್ ಹೋಗಿ ನಾಲ್ಕನೆಯ ದಿನ ಮರಳುವವರು ಈ ಒಬ್ಬರಲ್ಲಿದ್ದಾರೆ. ಹವಾಮಾನ ಬದಲಾವಣೆಯ ಬಗ್ಗೆ ಮಾತನಾಡಲು ಹಾರುವ ವಿಜ್ಞಾನಿಗಳೂ ಅವರಲ್ಲಿದ್ದಾರೆ ಎಂಬುದನ್ನು ಮರೆಮಾಚಬಾರದು. ದೂರ ಹದಿನೇಳು ಗಂಟೆಗೆ ಇಳಿದದ್ದರಿಂದಲೇ ಇಂಥ ಸಭೆಗಳು ಸಾಧ್ಯವಾದವು. ಹಡಗಿನಲ್ಲಿ ತಿಂಗಳುಗಟ್ಟಲೆ ಕಳೆಯಬೇಕಾಗಿದ್ದ ಕಾಲದಲ್ಲಿ ಎರಡು ದಿನದ ಕೆಲಸಕ್ಕೆ ಯಾರೂ ಹೊರಡುತ್ತಿರಲಿಲ್ಲ.

ಈ ವೆಚ್ಚ ಟಿಕೆಟ್ಟಿನಲ್ಲಿ ಕಾಣದಿರುವುದಕ್ಕೆ ಕಾನೂನಿನ ಕಾರಣವೂ ಇದೆ. 1944ರ ಷಿಕಾಗೊ ಒಪ್ಪಂದ ಮತ್ತು ಅದರ ಬೆನ್ನಿಗೆ ದೇಶ ದೇಶಗಳು ಮಾಡಿಕೊಂಡ ಒಡಂಬಡಿಕೆಗಳ ಫಲವಾಗಿ ಅಂತರರಾಷ್ಟ್ರೀಯ ಹಾರಾಟದ ಇಂಧನ ಜಗತ್ತಿನಾದ್ಯಂತ ಬಹುಪಾಲು ತೆರಿಗೆಯಿಂದ ಮುಕ್ತವಾಗಿದೆ. ತೋಟದ ಪಂಪಿಗೆ ಹಾಕುವ ಡೀಸೆಲ್ಲಿಗೆ ತೆರಿಗೆಯುಂಟು. ಈ ಹೊಗೆ ಯಾವ ಒಂದು ದೇಶದ ಖಾತೆಗೂ ಬೀಳುವುದಿಲ್ಲ. ಅದಕ್ಕೆ ಪರಿಹಾರವೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2016ರಲ್ಲಿ ಕೊರ್ಸಿಯ ಎಂಬ ಯೋಜನೆಯನ್ನು ಒಪ್ಪಿತು. ಅದರ ಕಡ್ಡಾಯ ಹಂತ 2027ರಲ್ಲಿ ಮೊದಲಾಗುತ್ತದೆ. ಭಾರತವೂ ಅದರೊಳಗೆ ಬರುತ್ತದೆ. ವಿಮಾನ ಕಂಪನಿಗಳು ಹಾರಾಟ ಕಡಿಮೆ ಮಾಡಬೇಕಿಲ್ಲ. ನಿಗದಿತ ಮಿತಿಗಿಂತ ಹೆಚ್ಚಿದ ಹೊಗೆಗೆ ಸಮನಾಗಿ ಬೇರೆಲ್ಲೋ ಇಂಗಾಲ ಉಳಿಸಿದವರಿಂದ ಅಥವಾ ಹೀರಿಸಿದವರಿಂದ ಪ್ರಮಾಣಪತ್ರ ಕೊಂಡರೆ ಸಾಕು.

ಬೇರೆಲ್ಲೋ ಎಂದರೆ ಬಹಳ ಸಲ ಕಾಡು, ಬಹಳ ಸಲ ಬೆಟ್ಟ. ಹದಿನೇಳು ಗಂಟೆಯ ಮಾತು ಮಲೆನಾಡಿನ ಅಂಗಳಕ್ಕೆ ಬಂದು ನಿಲ್ಲುವುದು ಇಲ್ಲಿ. ನೆಟ್ಟ ಎಳೆಯ ಕಾಡು ಹೆಕ್ಟೇರಿಗೆ ವರ್ಷಕ್ಕೆ ಹತ್ತು ಟನ್ ಇಂಗಾಲದ ಡೈಆಕ್ಸೈಡ್ ಹೀರುತ್ತದೆಂದು ಹಿಡಿದರೆ, ಒಂದೇ ಒಂದು ಯಾನದ 380 ಟನ್ನಿಗೆ 38 ಹೆಕ್ಟೇರ್ ಒಂದು ವರ್ಷ ಪೂರ್ತಿ ದುಡಿಯಬೇಕು. ದಿನಕ್ಕೊಂದು ಯಾನವಾದರೆ ಸುಮಾರು 14,000 ಹೆಕ್ಟೇರ್. ಬೇಗ ಬೆಳೆದು ಬೇಗ ಅಳತೆಗೆ ಸಿಗುವ ಒಂದೇ ಜಾತಿಯ ಮರಗಳ ಮೇಲೆ ಇಂಥ ವ್ಯಾಪಾರಕ್ಕೆ ಪ್ರೀತಿ ಹೆಚ್ಚಿರುವುದು ಸಹಜ. ಆ ಪ್ರೀತಿಯ ಪರಿಚಯ ಈ ಸೀಮೆಗೆ ಹಳೆಯದು. ಸಾರ್ವಜನಿಕ ಭೂಮಿಯಲ್ಲಿ ಕಾರ್ಖಾನೆಗೆಂದು ನೆಟ್ಟ ನೀಲಗಿರಿಯನ್ನು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನ ಜನ 1987ರ ನವೆಂಬರ್‌ನಲ್ಲಿ ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವನ್ನು ಹಿರಿಯರು ಮರೆತಿಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳಂತೂ ಅಡಿಕೆ ತೋಟದ ಗೊಬ್ಬರದ ಮೂಲ. ಅಲ್ಲಿನ ಸೊಪ್ಪು, ದರಕು ವರ್ಷ ವರ್ಷವೂ ತೋಟಕ್ಕೆ ಇಳಿಯಬೇಕು. ಇಂಗಾಲದ ಕರಾರು ಕೇಳುವುದು ಅದಕ್ಕೆ ವಿರುದ್ಧವಾದುದನ್ನು: ಬೆಳೆದದ್ದು ಬೆಳೆದಲ್ಲೇ ದಶಕಗಟ್ಟಲೆ ನಿಂತಿರಲಿ, ಯಾರೂ ಮುಟ್ಟದಿರಲಿ.

ಇಂಥ ಕರಾರಿನ ಕಾಗದ ಗ್ರಾಮಸಭೆಯ ಮೇಜಿಗೆ ಬಂದಾಗ ಸಹಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಕರಾರು ಎಷ್ಟು ವರ್ಷದ್ದು, ಅದನ್ನು ಬರೆದ ಭಾಷೆ ಯಾವುದು? ಸೊಪ್ಪು, ಸೌದೆ, ಮೇವಿನ ಹಕ್ಕು ಯಾರಲ್ಲಿ ಉಳಿಯುತ್ತದೆ? ಬೇಸಗೆಯಲ್ಲಿ ಬೆಂಕಿ ಬಿದ್ದರೆ, ಆಗಲೇ ಮಾರಿದ ಇಂಗಾಲಕ್ಕೆ ಹೊಣೆ ಊರೋ ಕಂಪನಿಯೋ? ಮರ ಹೀರಿದ್ದು ಬೆಂಕಿಯಲ್ಲಿ ಒಂದೇ ದಿನ ಗಾಳಿಗೆ ಮರಳಬಹುದು. ಧ್ರುವದ ಮೇಲೆ ಉರಿದ ಎಣ್ಣೆಯ ಹೊಗೆಯಲ್ಲಿ ಒಂದು ಪಾಲು ಸಾವಿರಾರು ವರ್ಷ ಅಲ್ಲಿಯೇ ಇರುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಸಮನೆಂದು ತೂಗಿದವರು ಯಾರು, ಯಾವ ಕಲ್ಲಿಟ್ಟು ತೂಗಿದರು ಎಂಬುದನ್ನೂ ಆ ಸಭೆ ಬರೆಹದಲ್ಲಿ ಪಡೆದುಕೊಳ್ಳಬೇಕು.